ಲಾವಾ ಬಯಲಿನಲ್ಲಿ ಒಂದು ರಾತ್ರಿ

ಅಮೆರಿಕದ ಐಡಾಹೊ ರಾಜ್ಯದ ಎತ್ತರದ ಮರುಭೂಮಿಯಲ್ಲಿ ‘ಕ್ರೇಟರ್ಸ್ ಆಫ್ ದಿ ಮೂನ್’ ಎಂಬ ಲಾವಾ ಬಯಲಿದೆ. ಸುಮಾರು 15,000 ವರ್ಷಗಳ ಹಿಂದೆ ಅಲ್ಲಿ ನೆಲ ಬಿರಿದು ಬೆಂಕಿ ಉಕ್ಕತೊಡಗಿತು. ಕೊನೆಯದಾಗಿ ಉಕ್ಕಿದ್ದು ಸುಮಾರು 2,000 ವರ್ಷಗಳ ಹಿಂದೆ. 1969ರಲ್ಲಿ ಅಪೊಲೊ ಗಗನಯಾತ್ರಿಗಳು ಜ್ವಾಲಾಮುಖಿಯ ಕಲ್ಲುಗಳನ್ನು ಗುರುತಿಸಲು ಕಲಿತದ್ದು ಇಲ್ಲಿಯೇ.

ಡೇರೆ ಹಾಕುವ ಜಾಗವೂ ಲಾವಾದ ನಡುವೆಯೇ. ಹಗಲೆಲ್ಲ ಕಾದು ಸುಡುವ ಕಪ್ಪು ಕಲ್ಲು, ಹೊತ್ತು ಮುಳುಗಿದರೆ ಮೈಕೊರೆಯುವ ಚಳಿ. ಆದರೂ ಸೌದೆ ಉರಿಸುವಂತಿಲ್ಲ. ಸರಿಯಾದ ನಿಯಮವೇ, ಆ ನೆಲದಲ್ಲಿ ಒಂದು ಕೊಂಬೆ ಬಲಿಯುವುದಕ್ಕೂ ಎಷ್ಟು ಕಾಲ ಬೇಕು! ದೀಪ ಆರಿಸಿ ತಲೆಯೆತ್ತಿದರೆ ಕಣ್ತುಂಬ ನಕ್ಷತ್ರಗಳು.

ಬೆಳಗಾದ ಮೇಲೆ ಬಗ್ಗಿ ನೋಡಬೇಕು. ಕಪ್ಪು ಹರಳಿನ ಇಳಿಜಾರಿನಲ್ಲಿ ಬೂದುಬಣ್ಣದ ಪುಟ್ಟ ಗಿಡಗಳು, ಯಾರೋ ಅಳೆದು ನೆಟ್ಟ ತೋಟದ ಸಸಿಗಳಂತೆ ದೂರದೂರ ನಿಂತಿವೆ. ಮೇಲೆ ಕಾಣುವುದು ಅಂಗೈಯಗಲ. ಅಡಿಯಲ್ಲಿ ಬೇರುಗಳು ನೀರಿಗಾಗಿ ಬಹುದೂರ ಚಾಚಿವೆ. ಬಿರುಕಿನಲ್ಲಿ ಗಾಳಿ ತಂದು ಸುರಿದ ಹಿಡಿ ಧೂಳು ಸಾಕು, ಪೈನ್ ಬೀಜ ಮೊಳೆಯುತ್ತದೆ.

ನಮ್ಮ ವಿಜಯಪುರ, ಕಲಬುರಗಿಯ ಎರೆಮಣ್ಣೂ ಲಾವಾದ ಕಲ್ಲು ಸವೆದು ಆದದ್ದೇ. ಆ ಲಾವಾ ಹರಿದು ಸುಮಾರು 6.6 ಕೋಟಿ ವರ್ಷಗಳಾದವು. ಐಡಾಹೊದಲ್ಲಿ ಮಣ್ಣಾಗುವ ಕೆಲಸ ಈಗಷ್ಟೇ ಶುರುವಾಗಿದೆ. ಅಲ್ಲಿಗೆ ಹೋದವರು ಗುರುತು ಮಾಡಿದ ದಾರಿಯಲ್ಲೇ ನಡೆಯಿರಿ, ಗಿಡಗಳ ನಡುವೆ ಕಾಲಿಡಬೇಡಿ.