ಸಾವಿರ ಕಡ್ಡಿಯ ಲೆಕ್ಕ: ನಗರದ ಬಡ ಕೇರಿಗಳಲ್ಲಿ ಮನೆಯೊಳಗಿನ ಕೂಲಿ



ಕಮಲಾದೇವಿ ಚಟ್ಟೋಪಾಧ್ಯಾಯರ ಹೆಸರಿನ ದತ್ತಿಯಲ್ಲಿ ಮಾತನಾಡುವ ಅವಕಾಶ ನನಗೆ ಸಂದ ದೊಡ್ಡ ಗೌರವ. ಅವರು 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. 1926ರಲ್ಲಿ ಮದ್ರಾಸ್ ಶಾಸನಸಭೆಯ ಚುನಾವಣೆಗೆ ನಿಂತು ತೀರಾ ಕಡಿಮೆ ಮತಗಳಿಂದ ಸೋತವರು, 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷತೆ ವಹಿಸಿದವರು. ಕೈಕೆಲಸಕ್ಕೆ ಮರ್ಯಾದೆ ತಂದುಕೊಟ್ಟ ಆ ಹಿರಿಯರ ನೆರಳಿನಲ್ಲಿ ನಿಂತು, ಮರ್ಯಾದೆಯೂ ಸಿಗದ, ನ್ಯಾಯವಾದ ಕೂಲಿಯೂ ಸಿಗದ ಒಂದು ಕೈಕೆಲಸದ ಬಗ್ಗೆ ಮಾತನಾಡಬೇಕೆಂದಿದ್ದೇನೆ. ಊದುಬತ್ತಿ ಹೊಸೆಯುವ ಕೆಲಸ ಅದು.

ಮೊದಲು ಎಲ್ಲರಿಗೂ ಗೊತ್ತಿರುವ ಅಂಕಿಗಳನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆಯ ಪ್ರಕಾರ ನಗರಗಳಲ್ಲಿ 15 ವರ್ಷ ದಾಟಿದ ಹೆಣ್ಣುಮಕ್ಕಳಲ್ಲಿ ದುಡಿಮೆಯಲ್ಲಿರುವವರು ಮತ್ತು ದುಡಿಮೆ ಹುಡುಕುತ್ತಿರುವವರು ಸೇರಿ 2017-18ರಲ್ಲಿ ಶೇ. 20.4ರಷ್ಟಿದ್ದರು, 2023-24ರಲ್ಲಿ ಅದು ಶೇ. 28ಕ್ಕೆ ಏರಿತು. 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕಳೆದರೆ, ಮನೆಗೆಲಸಕ್ಕೆ ಕೈಹಾಕುವ ಗಂಡಸರು ಕಳೆದದ್ದು 97 ನಿಮಿಷ. ಗಾರ್ಮೆಂಟ್ಸ್ ಕಾರ್ಖಾನೆಗಳ ಬಗ್ಗೆ, 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹಣಕ್ಕಾಗಿ ಬೆಂಗಳೂರಿನ ರಸ್ತೆಗಿಳಿದ ಆ ಸಾವಿರಾರು ಹೆಣ್ಣುಮಕ್ಕಳ ಬಗ್ಗೆ, ಮನೆಗೆಲಸದವರಿಗೆ ನಮ್ಮ ರಾಜ್ಯ 2004ರಲ್ಲಿ ಕನಿಷ್ಠ ಕೂಲಿ ಗೊತ್ತುಮಾಡಿದ ಬಗ್ಗೆ ಒಳ್ಳೆಯ ಬರಹಗಳಿವೆ, ಆಸಕ್ತರು ಓದಬಹುದು. ನನ್ನ ಹೊತ್ತನ್ನೆಲ್ಲ ಬಾಗಿಲಿನ ಒಳಗೇ ನಡೆಯುವ ದುಡಿಮೆಗೆ ಕೊಡುತ್ತೇನೆ.

ಊದುಬತ್ತಿಗೆ ಹೆಸರಾದದ್ದು ಬೆಂಗಳೂರು ಮತ್ತು ಮೈಸೂರು. ಬೆಂಗಳೂರಿನ ಪಾದರಾಯನಪುರ, ಗೌರಿಪಾಳ್ಯದಂಥ ಕಡೆಗಳಲ್ಲಿ ಕಂಟ್ರಾಕ್ಟರ್ ಬಿದಿರಿನ ಕಡ್ಡಿಯ ಕಟ್ಟನ್ನೂ ಮಸಾಲೆಯನ್ನೂ ಮನೆಗೆ ಕಳಿಸುತ್ತಾನೆ. ಇದ್ದಿಲ ಪುಡಿ, ಮರದ ಪುಡಿ, ಅಂಟಿಗೆ ಜಿಗಟು ತೊಗಟೆಯ ಪುಡಿ, ಇಷ್ಟು ಸೇರಿದರೆ ಮಸಾಲೆ. ಹೆಂಗಸು ಅದನ್ನು ನೀರು ಹಾಕಿ ನಾದಿ, ಮಣೆಯ ಮೇಲೆ ಅಂಗೈಯಿಂದ ಕಡ್ಡಿಗೆ ಸುತ್ತಿ, ಒಣಗಿಸಿ, ಎಣಿಸಿ, ಕಟ್ಟಿ ಕೊಡಬೇಕು. ಪರಿಮಳದಲ್ಲಿ ಅದ್ದುವುದು, ಪೊಟ್ಟಣಕ್ಕೆ ತುಂಬುವುದು ಬೇರೆಡೆ. ಕೂಲಿ ಸಾವಿರ ಕಡ್ಡಿಗೆ ಇಷ್ಟು ಎಂದು.

ಈ ಸಾವಿರದ ದರದೊಳಗೆ ಏನೇನಿಲ್ಲ ಎಂಬುದನ್ನು ನೋಡುತ್ತಾ ಬಂದದ್ದೇ ನನ್ನ ಅಧ್ಯಯನ. ಕೆಲಸ ನಡೆಯುವ ಕೋಣೆಯ ಬಾಡಿಗೆ ಅವಳದು. ದೀಪದ ಬಿಲ್ಲು ಅವಳದು. ಮಸಾಲೆ ಕಲಸುವ ನೀರು, ಬೀದಿ ನಲ್ಲಿಯಿಂದ ಹೊತ್ತು ತಂದದ್ದು, ಅವಳದು. ಮಳೆಗಾಲದಲ್ಲಿ ಕಡ್ಡಿ ಒಣಗದೆ ಬೂಸಲು ಹಿಡಿದರೆ ನಷ್ಟ ಅವಳ ತಲೆಗೆ. ತೂಕಕ್ಕೆ ಕೊಟ್ಟ ಮಸಾಲೆ ಎಣಿಕೆಯ ಕಡ್ಡಿಗೆ ಸಾಲದೆ ಹೋದರೆ ಕೊರತೆಯೂ ಅವಳ ಲೆಕ್ಕಕ್ಕೆ. ಮಾಲು ಬರುವುದು ತಡವಾದ ದಿನ ಕೂತ ಹೊತ್ತಿಗೆ ಬೆಲೆಯಿಲ್ಲ. ಶಾಲೆಯಿಂದ ಬಂದ ಮಗಳು ಕಟ್ಟು ಕಟ್ಟಿಕೊಟ್ಟ ಹೊತ್ತನ್ನಂತೂ ಯಾರೂ ಎಣಿಸುವುದಿಲ್ಲ. ಅಡುಗೆ, ನಿದ್ದೆ, ಮಗುವಿನ ತೊಟ್ಟಿಲು ಎಲ್ಲ ಇರುವ ಒಂದೇ ಕೋಣೆಯಲ್ಲಿ ಹಾರುವ ಇದ್ದಿಲ ಧೂಳಿಗೆ ಯಾವ ಪರಿಹಾರವೂ ಇಲ್ಲ. ಕಾರ್ಖಾನೆಯಾಗಿದ್ದರೆ ಇವೆಲ್ಲವೂ ಮಾಲೀಕನ ಖರ್ಚು. ಹಾಗಾಗಿ ಸಾವಿರದ ದರವನ್ನು ನಾನು ಪೂರ್ತಿ ಕೂಲಿ ಎನ್ನಲಾರೆ. ಊದುಬತ್ತಿ ಉದ್ಯಮಕ್ಕೆ ಪ್ರತಿದಿನ ಧನಸಹಾಯ ಕೊಡುತ್ತಿರುವುದು ಬಡವರ ಕೇರಿ.

ಇಲ್ಲಿಂದ ವಾದ ಶುರು. ಈ ಹೆಂಗಸು ಯಾರು? ನಮ್ಮ ಸಬಲೀಕರಣದ ಸಾಹಿತ್ಯದ ಬಹುಪಾಲು ಅವಳನ್ನು ಸ್ವಯಂ ಉದ್ಯೋಗಿ ಎನ್ನುತ್ತದೆ, ಕಿರು ಉದ್ಯಮಿ ಎನ್ನುತ್ತದೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಕಚ್ಚಾ ಮಾಲು ಅವಳದಲ್ಲ, ಸಿದ್ಧಮಾಲೂ ಅವಳದಲ್ಲ. ದರ ಅವಳು ಹೇಳಿದ್ದಲ್ಲ. ಕಡ್ಡಿಯ ಉದ್ದ, ದಪ್ಪ ಯಾವುದರಲ್ಲೂ ಅವಳ ಮಾತು ನಡೆಯುವುದಿಲ್ಲ. ಸರಿಯಿಲ್ಲವೆಂದು ತಳ್ಳಿಹಾಕುವ ಅಧಿಕಾರ ಬೇರೆಯವರ ಕೈಯಲ್ಲಿದೆ. ಅವಳು ಕೂಲಿಯಾಳು, ಅವಳಿಗೊಬ್ಬ ಮಾಲೀಕನಿದ್ದಾನೆ. ಆತ ಕಂಟ್ರಾಕ್ಟರನ ಹಿಂದೆ ಮರೆಯಾಗಿದ್ದಾನೆ, ಅಷ್ಟೇ.

ಉದ್ಯಮಿ ಎಂಬ ಹಣೆಪಟ್ಟಿಯ ಫಲ ಸಾಲ. ಕಿರುಸಾಲದ ಹರಿಕಾರ, ಬಾಂಗ್ಲಾದೇಶದ ಯೂನುಸ್‌ ಅವರಿಗೂ ಗ್ರಾಮೀಣ ಬ್ಯಾಂಕಿಗೂ 2006ರಲ್ಲಿ ನೊಬೆಲ್ ಬಂದ ಮೇಲೆ ಗುಂಪುಸಾಲವೇ ಹೆಣ್ಣಿನ ಬಿಡುಗಡೆ ಎಂಬ ನಂಬಿಕೆ ನಮ್ಮ ಊರುಗಳಲ್ಲೂ ಬೇರೂರಿತು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಹೈದರಾಬಾದಿನ 104 ಬಡ ಬಡಾವಣೆಗಳನ್ನು ಆರಿಸಿ, ಅರ್ಧದಷ್ಟರಲ್ಲಿ ಮೊದಲು ಸಾಲ ಸಿಗುವಂತೆ ಮಾಡಿ, ಎರಡರ ಬದುಕನ್ನೂ ಹೋಲಿಸಿ ನೋಡಿದರು. 2015ರಲ್ಲಿ ಪ್ರಕಟವಾದ ಅವರ ತೀರ್ಮಾನ ಸ್ಪಷ್ಟ: ಮೊದಲೇ ವ್ಯಾಪಾರ ಇದ್ದವರಿಗೆ ಸಾಲ ಒಂದಿಷ್ಟು ಆಸರೆಯಾಯಿತು, ಮನೆಯಲ್ಲಿ ಹೆಣ್ಣಿನ ಮಾತಿಗೆ ಸಿಗುವ ಬೆಲೆಯಲ್ಲಾಗಲಿ, ಮಕ್ಕಳ ಓದಿನಲ್ಲಾಗಲಿ ಗಣನೀಯ ಬದಲಾವಣೆ ಕಾಣಲಿಲ್ಲ. ನನಗೆ ಇದರಲ್ಲಿ ಅಚ್ಚರಿಯಿಲ್ಲ. ಕಡ್ಡಿ ಹೊಸೆಯುವವಳು ಸಾಲ ತಂದು ಏನು ಕೊಳ್ಳಬೇಕು? ಕಡ್ಡಿಯೂ ಮಸಾಲೆಯೂ ಕಂಟ್ರಾಕ್ಟರನದೇ. ಸಾಲದಿಂದ ಸಾವಿರದ ದರ ಒಂದು ರೂಪಾಯಿಯೂ ಏರುವುದಿಲ್ಲ. ವಾರದ ಕಂತು ಮಾತ್ರ ಬಂದೇ ಬರುತ್ತದೆ. 2010ರಲ್ಲಿ ಆಂಧ್ರಪ್ರದೇಶ, 2025ರಲ್ಲಿ ಕರ್ನಾಟಕ ಸಾಲ ವಸೂಲಿಯ ಕಿರುಕುಳ ತಡೆಯಲು ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಸಾಲ ಬೇಡವೆಂದು ನಾನು ಹೇಳುತ್ತಿಲ್ಲ. ಆಸ್ಪತ್ರೆಗೆ, ಮದುವೆಗೆ, ಮನೆ ಮುಂಗಡಕ್ಕೆ ಮೀಟರ್ ಬಡ್ಡಿಗಿಂತ ಅದು ಮೇಲು. ಆದರೆ ಕೂಲಿಯ ಜಾಗದಲ್ಲಿ ಸಾಲವನ್ನು ತಂದು ಕೂರಿಸುವುದು ಅನ್ಯಾಯ.

ಎರಡನೆಯ ವಾದ ಹೆಚ್ಚು ಸೂಕ್ಷ್ಮವಾದದ್ದು. ಮನೆಯಲ್ಲೇ ಕೂತು ಮಾಡುವ ಕೆಲಸ ಆ ಹೆಣ್ಣುಮಕ್ಕಳ ಆಯ್ಕೆ, ಅವರ ಸಮುದಾಯದ ರೀತಿ, ಬಿಡುವಿನಲ್ಲಿ ನಾಲ್ಕು ಕಾಸು ಸಿಗುತ್ತದೆ ಎನ್ನುವವರಿದ್ದಾರೆ. ಬಿಡುವು ಎಂಬ ಕಲ್ಪನೆಯನ್ನು ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರಲ್ಲೇ ಒಡೆದುಹಾಕಿದರು. ಪಶ್ಚಿಮ ಗೋದಾವರಿಯ ನರಸಾಪುರದಲ್ಲಿ ಹೊರದೇಶಗಳ ಮಾರುಕಟ್ಟೆಗೆ ಲೇಸ್ ಹೆಣೆಯುತ್ತಿದ್ದ ಹೆಂಗಸರನ್ನು ವ್ಯಾಪಾರಿಗಳೂ ಸರ್ಕಾರವೂ ಗೃಹಿಣಿಯರೆಂದೇ ಬರೆದುಕೊಂಡಿದ್ದರು. ಹಾಗೆ ಬರೆದುಕೊಂಡದ್ದರಿಂದಲೇ ಕೂಲಿಯನ್ನು ನೆಲ ಹಿಡಿಸಲು ಸಾಧ್ಯವಾಯಿತೆಂದು ಅವರು ತೋರಿಸಿದರು. ಇನ್ನು ಸಮುದಾಯದ ರೀತಿಯ ಮಾತು. ಅರ್ಥಶಾಸ್ತ್ರಜ್ಞೆ ನೈಲಾ ಕಬೀರ್ 2000ದ ತಮ್ಮ ಪುಸ್ತಕದಲ್ಲಿ ಬಾಂಗ್ಲಾದೇಶದ ಹೆಣ್ಣುಮಕ್ಕಳನ್ನು ಎರಡು ನಗರಗಳಲ್ಲಿ ನೋಡಿದರು. ಪರದೆ ಬಿಗಿಯಾಗಿದ್ದ ಢಾಕಾದಲ್ಲಿ ಅವರು ಕಾರ್ಖಾನೆಗೆ ಹೋಗುತ್ತಿದ್ದರು. ಲಂಡನ್ನಿನಲ್ಲಿ ಮನೆಯಲ್ಲೇ ಕೂತು ಹೊಲಿಯುತ್ತಿದ್ದರು. ಧರ್ಮವೊಂದೇ ಕಾರಣವಾಗಿದ್ದರೆ ಇದು ತಿರುಗುಮುರುಗಾಗಬೇಕಿತ್ತು. ನಮ್ಮ ಕೇರಿಗಳಲ್ಲೂ ಮುಸ್ಲಿಂ ಹೆಣ್ಣುಮಕ್ಕಳ ಬಗ್ಗೆ ಮಾತು ಬಂದಾಗ ಪರದೆಯನ್ನೇ ಮುಂದು ಮಾಡುವ ವಿದ್ವಾಂಸರು ಬೆಳಗಿನ ಎಂಟು ಗಂಟೆಗೆ ಮಗುವನ್ನು ಯಾರ ಬಳಿ ಬಿಡುವುದು, ಹತ್ತಿರದಲ್ಲಿ ಯಾವ ಕಾರ್ಖಾನೆ ಕೆಲಸ ಕೊಡುತ್ತದೆ ಎಂದು ಕೇಳಿಲ್ಲ.

ಮೂರನೆಯ ವಾದ ಎಲ್ಲಕ್ಕಿಂತ ಬಲವಾದದ್ದು. ಅದಕ್ಕಾಗಿ ಬೀಡಿ ಕಟ್ಟುವ ಮಂಗಳೂರಿಗೆ ಹೋಗಬೇಕು.

ಬೀಡಿ ಕಟ್ಟುವುದೂ ಮನೆಯೊಳಗಿನ ಕೆಲಸವೇ. ಎಲೆ, ಹೊಗೆಸೊಪ್ಪು ಕಂಟ್ರಾಕ್ಟರನದು, ಕೂಲಿ ಸಾವಿರದ ಲೆಕ್ಕದ್ದು, ತಳ್ಳಿಹಾಕುವ ಹಕ್ಕು ಅವನದು. ಆದರೆ 1966ರಲ್ಲಿ ಸಂಸತ್ತು ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ತಂದು, ಮನೆಯಲ್ಲಿ ಕಟ್ಟುವವಳನ್ನೂ ನೌಕರಳೆಂದು ಹೆಸರಿಟ್ಟು ಕರೆಯಿತು, ಕಂಟ್ರಾಕ್ಟರನ ಹಿಂದಿರುವ ಮುಖ್ಯ ಮಾಲೀಕನನ್ನು ಹೊಣೆ ಮಾಡಿತು. ಬೀಡಿ ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋದವು. 1974ರಲ್ಲಿ ಮಂಗಳೂರು ಗಣೇಶ್ ಬೀಡಿ ಪ್ರಕರಣದಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಮನೆಯಲ್ಲಿ ಬೀಡಿ ಕಟ್ಟುವವರಿಗೂ ಭವಿಷ್ಯನಿಧಿ ಸಲ್ಲಬೇಕೆಂದು 1985ರಲ್ಲಿ ಪಿ.ಎಂ. ಪಟೇಲ್ ಪ್ರಕರಣದಲ್ಲಿ ಅದೇ ಕೋರ್ಟು ಹೇಳಿತು. 1976ರ ಕಾಯ್ದೆಯಿಂದ ಕಲ್ಯಾಣನಿಧಿ, ಆಸ್ಪತ್ರೆ, ಮಕ್ಕಳಿಗೆ ವಿದ್ಯಾರ್ಥಿವೇತನ ಬಂತು. ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟಿ ಪಿಂಚಣಿ ಪಡೆಯುವ ಅಜ್ಜಿಯರಿದ್ದಾರೆ. ಬೆಂಗಳೂರಿನಲ್ಲಿ ಜೀವಮಾನವಿಡೀ ಕಡ್ಡಿ ಹೊಸೆದವಳಿಗೆ ಕೊನೆಗೆ ಉಳಿಯುವುದು ಸವೆದ ಅಂಗೈ. ಇಬ್ಬರ ಮನೆಯೂ ಒಂದೇ ತೆರ, ಕೆಲಸವೂ ಒಂದೇ ತೆರ. ಒಬ್ಬಳ ಮಾಲೀಕನನ್ನು ಕಾನೂನು ಹುಡುಕಿ ನಿಲ್ಲಿಸಿತು, ಅವಳ ಹಿಂದೆ ಸಂಘ ನಿಂತಿತು. ಇನ್ನೊಬ್ಬಳಿಗೆ ಎರಡೂ ಆಗಲಿಲ್ಲ. ನನ್ನ ಉಪನ್ಯಾಸದ ತಿರುಳು ಇಷ್ಟೇ.

ಪ್ರತಿವಾದಿಗಳು ಇಲ್ಲಿ ಕಣ್ಣೂರನ್ನು ಮುಂದಿಡುತ್ತಾರೆ, ಇಡಲೇಬೇಕು. ಕೇರಳ 1966ರ ಕಾಯ್ದೆಯನ್ನು ಜಾರಿಗೆ ತರಲು ಹೊರಟಾಗ ಮಂಗಳೂರಿನ ದೊಡ್ಡ ಕಂಪನಿಗಳು ಕಣ್ಣೂರಿನಿಂದ ಕಾಲ್ತೆಗೆದವು, ಸಾವಿರಾರು ಮಂದಿ ಒಂದೇ ಏಟಿಗೆ ಕೆಲಸ ಕಳೆದುಕೊಂಡರು. ಹಕ್ಕು ಕೇಳಿದರೆ ಕೆಲಸವೇ ಹೋಗುತ್ತದೆ, ಊದುಬತ್ತಿಯಲ್ಲೂ ಹಾಗೇ ಆಗುತ್ತದೆ, ಯಂತ್ರ ಬಂದಿದೆ, ವಿಯೆಟ್ನಾಮಿನಿಂದ ಹಸಿ ಬತ್ತಿ ಬಂದದ್ದನ್ನು ನೋಡಿಲ್ಲವೇ ಎನ್ನುತ್ತಾರೆ. ಗೌರವದಿಂದಲೇ ಕೇಳುತ್ತೇನೆ: ಈ ಇತಿಹಾಸದ ಉಳಿದರ್ಧವನ್ನು ಏಕೆ ಬಿಡುತ್ತೀರಿ? ಉದ್ಯಮ ಕಾನೂನಿಲ್ಲದ ಜಾಗಕ್ಕೆ ಜಾರಿಕೊಳ್ಳುತ್ತದೆ ಎಂಬ ಕಾರಣಕ್ಕೇ 1966ರಲ್ಲಿ ಇಡೀ ದೇಶಕ್ಕೆ ಒಂದೇ ಕಾಯ್ದೆ ಬಂದದ್ದು. ಅದಕ್ಕೆ ಮುಂಚೆ ಮದ್ರಾಸಿನಲ್ಲಿ, ಕೇರಳದಲ್ಲಿ ರಾಜ್ಯದ ಕಾಯ್ದೆಗಳಿದ್ದವು. ಕಣ್ಣೂರಿನಲ್ಲಿ ಸೋಲಾದದ್ದು ಒಂದು ರಾಜ್ಯ ಜಾರಿಗೆ ತಂದು ಪಕ್ಕದ ರಾಜ್ಯ ಸುಮ್ಮನಿದ್ದುದರಿಂದ. ಅಲ್ಲಿ ಕೆಲಸ ಕಳೆದುಕೊಂಡವರು 1969ರಲ್ಲಿ ಕಟ್ಟಿದ ದಿನೇಶ್ ಬೀಡಿ ಸಹಕಾರ ಸಂಘ ದಶಕಗಳ ಕಾಲ ಹಕ್ಕಿನ ಜೊತೆಗೇ ಕೆಲಸವನ್ನೂ ಕೊಟ್ಟಿತು. ಬೀಡಿ ಇಳಿಮುಖವಾದಾಗ ಕೊಡೆ, ತಿನಿಸುಗಳ ತಯಾರಿಕೆಗೆ ಹೊರಳಿತು. ಸಹಕಾರವನ್ನು ಜೀವನದುದ್ದಕ್ಕೂ ನಂಬಿದ ಕಮಲಾದೇವಿಯವರ ಸಭೆಯಲ್ಲಿ ಇದನ್ನು ನೆನೆಯುವುದು ನನ್ನ ಕರ್ತವ್ಯ.

ಯಂತ್ರದ, ಆಮದಿನ ಮಾತೂ ಅಷ್ಟೇ. 2019ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಊದುಬತ್ತಿ ಆಮದನ್ನು ನಿರ್ಬಂಧಿಸಿತು. ಆಮದು ಬರುವಾಗ ಇಲ್ಲಿನ ಹೆಂಗಸಿಗೆ ಯಾವ ರಕ್ಷಣೆಯೂ ಇರಲಿಲ್ಲ, ಹಕ್ಕಿನ ಹೊರೆಯೂ ಉದ್ಯಮದ ಮೇಲಿರಲಿಲ್ಲ. ಆದರೂ ಅವಳ ಕೆಲಸ ಜಾರಿತು. ಅಗ್ಗದ ಕೂಲಿ ಅವಳನ್ನು ಕಾಪಾಡಲಿಲ್ಲ. ಉದ್ಯಮ ಸರ್ಕಾರದಿಂದ ರಕ್ಷಣೆ ಪಡೆದ ಮೇಲೆ ಆ ರಕ್ಷಣೆಯ ಪಾಲು ಕೇಳುವ ಹಕ್ಕು ಹೊಸೆಯುವವಳಿಗೆ ಇಮ್ಮಡಿಯಾಗುತ್ತದೆ.

ಕಮಲಾದೇವಿಯವರ ಜೊತೆ ನನ್ನದೊಂದು ಸಣ್ಣ ಭಿನ್ನಾಭಿಪ್ರಾಯವಿದೆ. ಅವರಿದ್ದಿದ್ದರೆ ಕೇಳಿಸಿಕೊಳ್ಳುತ್ತಿದ್ದರು ಎಂಬ ಭರವಸೆಯಿಂದ ಹೇಳುತ್ತೇನೆ. ಕೈಯ ಕುಶಲತೆಗೆ ಮಾರುಕಟ್ಟೆ ಸಿಕ್ಕರೆ ಗೌರವ ತಾನಾಗಿ ಬರುತ್ತದೆಂಬ ವಿಶ್ವಾಸ ಅವರ ಕರಕುಶಲ ಚಳವಳಿಯಲ್ಲಿತ್ತು. ಊದುಬತ್ತಿಗೆ ಮಾರುಕಟ್ಟೆಯ ಕೊರತೆ ಎಂದೂ ಇಲ್ಲ; ದೇವರ ಮುಂದೆ ಪ್ರತಿ ಮನೆಯಲ್ಲೂ ಉರಿಯುತ್ತದೆ, ಹೊರದೇಶಗಳಿಗೂ ಹೋಗುತ್ತದೆ. ಮಾರುಕಟ್ಟೆ ತುಂಬಿಯೂ ಕೂಲಿ ಬೆಳೆಯಲಿಲ್ಲವೆಂದರೆ ಬೇಕಾದದ್ದು ಮಾಲೀಕನ ಮೇಲೆ ಹೊಣೆ.

1996ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮನೆಯೊಳಗಿನ ಕೂಲಿಗೆಂದೇ 177ನೆಯ ಒಡಂಬಡಿಕೆ ತಂದಿತು. ಇತರ ಕೂಲಿಕಾರರಿಗೆ ಸಮನಾಗಿ ಇವರನ್ನು ಕಾಣಬೇಕೆಂಬುದು ಅದರ ಜೀವಾಳ. 1972ರಲ್ಲಿ ಅಹಮದಾಬಾದಿನಲ್ಲಿ ಸೇವಾ ಸಂಘಟನೆ ಕಟ್ಟಿದ ಇಳಾ ಭಟ್ ಅದಕ್ಕಾಗಿ ದಣಿಯದೆ ದುಡಿದರು. ಭಾರತ ಇನ್ನೂ ಆ ಒಡಂಬಡಿಕೆಯನ್ನು ಅನುಮೋದಿಸಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಮನೆಯಲ್ಲಿ ದುಡಿಯುವವರ ವ್ಯಾಖ್ಯೆ ಬರೆದವರು ಮಾಲೀಕನೊಬ್ಬನಿಗಾಗಿ ದುಡಿಯುವವರು ಎಂದೇ ಬರೆದಿದ್ದಾರೆ. ಸೌಲಭ್ಯದ ಮಾತು ಬಂದಾಗ ಅಸಂಘಟಿತರ ಪಟ್ಟಿಗೆ ಸೇರಿಸಿ, ಸರ್ಕಾರದ ಯೋಜನೆಗಳನ್ನು ಕಾಯುವಂತೆ ಮಾಡಿದ್ದಾರೆ. ವ್ಯಾಖ್ಯೆಯಲ್ಲಿ ಇದ್ದ ಮಾಲೀಕ ಹೊಣೆಯ ಅಧ್ಯಾಯದಲ್ಲಿ ಕಾಣೆಯಾದ. ಇದು ಬೀಡಿ ಹೋರಾಟದ ಗಳಿಕೆಯಿಂದ ಹಿಂದೆ ಸರಿದದ್ದು. 2017ರಲ್ಲಿ ಜಿಎಸ್‌ಟಿ ಬಂದಾಗ ಬೀಡಿ ಕಲ್ಯಾಣನಿಧಿಗೆ ಹಣ ತರುತ್ತಿದ್ದ ಸೆಸ್ ರದ್ದಾದದ್ದನ್ನೂ ಇದರ ಜೊತೆ ಇಟ್ಟು ನೋಡಬೇಕು.

ಕರ್ನಾಟಕದ ಕನಿಷ್ಠ ಕೂಲಿಯ ಪಟ್ಟಿಯಲ್ಲಿ ಊದುಬತ್ತಿ ಉದ್ಯಮ ಇದೆ. ಹಾಗಾಗಿ ನಾವು ಹೊಸ ಕಾನೂನಿಗಾಗಿ ಕೂತು ಕಾಯಬೇಕಿಲ್ಲ. ಸಾವಿರದ ದರವನ್ನು ಮುಂದೆ ಪರಿಷ್ಕರಿಸುವಾಗ ಪಳಗಿದ ಕೈಯೊಂದು ಕಾರ್ಖಾನೆಯ ಮೇಜಿನ ಮೇಲೆ ಎಂಟು ಗಂಟೆಯಲ್ಲಿ ಎಷ್ಟು ಹೊಸೆಯುತ್ತದೆ ಎಂದು ಅಳೆದರೆ ಸಾಲದು. ಗೌರಿಪಾಳ್ಯದ ಕೋಣೆಯಲ್ಲಿ, ನೀರು ತಂದು, ಮಸಾಲೆ ನಾದಿ, ಒಣಗಿಸಿ, ಎಣಿಸಿ, ಕಟ್ಟುವಷ್ಟರಲ್ಲಿ ಎಷ್ಟಾಗುತ್ತದೆ ಎಂದು ಅಳೆಯಬೇಕು. ಬಾಡಿಗೆ, ದೀಪ, ನೀರಿನ ಪಾಲನ್ನು ದರದಲ್ಲಿ ಬೇರೆಯಾಗಿ ಕಾಣಿಸಬೇಕು. ತಳ್ಳಿಹಾಕುವ ಕಡ್ಡಿಗೆ ಮಿತಿ ಬೇಕು. ತಳ್ಳಿಹಾಕಿದ್ದನ್ನು ಕಂಟ್ರಾಕ್ಟರ್ ಇಟ್ಟುಕೊಳ್ಳುವಂತಿಲ್ಲ. ಪ್ರತಿ ಹೆಂಗಸಿನ ಕೈಯಲ್ಲೂ ಒಂದು ಪುಸ್ತಕ ಇರಬೇಕು. ಕೊಟ್ಟ ಮಾಲು, ಪಡೆದ ಕಡ್ಡಿ, ಕೊಟ್ಟ ಕೂಲಿ ಅದರಲ್ಲಿ ದಾಖಲಾಗಬೇಕು. ಅದರ ಮೊದಲ ಪುಟದಲ್ಲಿ ಕಂಟ್ರಾಕ್ಟರನ ಹೆಸರಿನ ಮೇಲೆ ಆ ಕಡ್ಡಿ ಯಾವ ಕಂಪನಿಯ ಪೊಟ್ಟಣಕ್ಕೆ ಹೋಗುತ್ತದೋ ಆ ಕಂಪನಿಯ ಹೆಸರೂ ವಿಳಾಸವೂ ಮುದ್ರೆಯೊಡನೆ ಇರಬೇಕು.