ಪಂಕ್ತಿಯಲ್ಲಿ ಕುಡಿಯದವನ ಎಡೆ



ದತ್ತಿ ಉಪನ್ಯಾಸವೆಂದರೆ ಸಾಹಿತ್ಯವನ್ನೋ ದರ್ಶನವನ್ನೋ ಕುರಿತು ಮಾತನಾಡುವುದು ವಾಡಿಕೆ. ಕಾಲೇಜಿನಲ್ಲಿ ಓದುತ್ತಿರುವವರು ಪಾರ್ಟಿ ಮಾಡಬಹುದೆ, ಅಲ್ಲಿ ಮದ್ಯವನ್ನು ಸೇವಿಸಬಹುದೆ ಎಂಬ ವಿಷಯವನ್ನು ನಾನು ಆರಿಸಿಕೊಂಡುದಕ್ಕೆ ಕಾರಣವಿಷ್ಟೆ: ಈ ಪ್ರಶ್ನೆಗೆ ಮನೆಯಲ್ಲಿ ಗದರಿಕೆಯೂ, ಹಾಸ್ಟೆಲಿನ ಕೋಣೆಯಲ್ಲಿ ಒತ್ತಾಯವೂ, ನಿಯಮಾವಳಿಯಲ್ಲಿ ದಂಡನೆಯೂ ಉತ್ತರವಾಗಿ ದೊರೆಯುತ್ತಿವೆಯೇ ಹೊರತು, ಇಪ್ಪತ್ತರ ಹರೆಯದವರನ್ನು ವಿವೇಕಿಗಳೆಂದು ಮನ್ನಿಸಿ, ಎದುರಿಗೆ ಕುಳಿತು, ಕಾರಣಗಳನ್ನು ಒಂದೊಂದಾಗಿ ಬಿಡಿಸಿ ಹೇಳುವ ಉತ್ತರವು ದುರ್ಲಭವಾಗಿದೆ.

ನಮಗೆಲ್ಲ ಪರಿಚಿತರಾದ ಒಬ್ಬ ವಿದ್ಯಾರ್ಥಿಯಿಂದ ಆರಂಭಿಸುತ್ತೇನೆ. 1888ರ ಸೆಪ್ಟೆಂಬರಿನಲ್ಲಿ ಮೋಹನದಾಸ ಗಾಂಧಿಯವರು ನ್ಯಾಯಶಾಸ್ತ್ರದ ವ್ಯಾಸಂಗಕ್ಕಾಗಿ ಲಂಡನ್ನಿಗೆ ಹಡಗು ಹತ್ತಿದಾಗ ಅವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಪರದೇಶದಲ್ಲಿ ಮಗನು ಕೆಟ್ಟಾನೆಂದು ಕಳವಳಗೊಂಡ ತಾಯಿ ಪುತಲೀಬಾಯಿಯ ಸಮಾಧಾನಕ್ಕಾಗಿ ಅವರು ಬೇಚರ್‌ಜೀ ಸ್ವಾಮಿಯೆಂಬ ಜೈನ ಸಾಧುಗಳ ಸಮಕ್ಷಮದಲ್ಲಿ ಮದ್ಯ, ಮಾಂಸ, ಸ್ತ್ರೀಸಂಗಗಳನ್ನು ಮುಟ್ಟೆನೆಂದು ಪ್ರತಿಜ್ಞೆ ಮಾಡಿದ್ದರು. ಅವರು ಸೇರಿದ ಇನ್ನರ್ ಟೆಂಪಲ್ ಎಂಬ ಕಾನೂನು ಸಂಸ್ಥೆಯಲ್ಲಿಯಾದರೋ ಬ್ಯಾರಿಸ್ಟರ್ ಆಗಬೇಕಾದವನು ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಸಾಲುತ್ತಿರಲಿಲ್ಲ. ಪ್ರತಿಯೊಂದು ಅವಧಿಯಲ್ಲಿಯೂ ನಿಯತಸಂಖ್ಯೆಯ ಔತಣಗಳಿಗೆ ಹಾಜರಾಗಲೇಬೇಕಿತ್ತು. ನಾಲ್ವರು ನಾಲ್ವರಾಗಿ ಮೇಜಿನ ಸುತ್ತ ಕುಳಿತುಕೊಳ್ಳುವ ವಿದ್ಯಾರ್ಥಿಗಳಿಗೆ ಗುಂಪೊಂದಕ್ಕೆ ಎರಡು ಬಾಟಲಿಯಂತೆ ದ್ರಾಕ್ಷಾರಸವನ್ನು ಕೊಡುತ್ತಿದ್ದರಂತೆ. ತಾವು ಮುಟ್ಟದೆ ಇದ್ದುದರಿಂದ ಆ ಎರಡು ಬಾಟಲಿಗಳೂ ಉಳಿದ ಮೂವರ ಪಾಲಾಗುತ್ತಿದ್ದವೆಂದೂ, ಆ ಕಾರಣದಿಂದ ತಮ್ಮನ್ನು ಗುಂಪಿಗೆ ಸೇರಿಸಿಕೊಳ್ಳಲು ಎಲ್ಲರೂ ಅಪೇಕ್ಷಿಸುತ್ತಿದ್ದರೆಂದೂ ಗಾಂಧಿಯವರು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಈ ಪ್ರಸಂಗದಲ್ಲಿ ಪ್ರತಿಜ್ಞೆಯ ದಾರ್ಢ್ಯವನ್ನು ಮಾತ್ರ ಕಾಣುವುದು ರೂಢಿ. ನನಗೆ ಅದರಷ್ಟೇ ಮುಖ್ಯವಾಗಿ ತೋರುವುದು ಆ ಮೇಜು. ಮೂವರು ಕುಡಿಯುವವರ ನಡುವೆ ಕುಡಿಯದವನೊಬ್ಬನಿಗೆ ಎಡೆಯಿತ್ತು. ಆ ಮೂವರ ಆದರಕ್ಕೆ ಸ್ವಾರ್ಥವೇ ಮೂಲವಾಗಿದ್ದರೂ ಚಿಂತೆಯಿಲ್ಲ. ಬೇಡವೆಂದವನನ್ನು ಅವರು ಪಂಕ್ತಿಯಿಂದ ಎಬ್ಬಿಸಲಿಲ್ಲ. ಇಂದು ನಮ್ಮ ಹಾಸ್ಟೆಲುಗಳಲ್ಲಿಯೂ ಪಿಜಿಗಳಲ್ಲಿಯೂ ನಡೆಯುವ ಕೂಟಗಳನ್ನು ಪರೀಕ್ಷಿಸಬೇಕಾದುದು ಇದೇ ದೃಷ್ಟಿಯಿಂದ ಎಂಬುದು ನನ್ನ ಅಭಿಪ್ರಾಯ.

ಕೂಟವೇ ಬೇಡವೆನ್ನುವವರ ಪಕ್ಷ ನನ್ನದಲ್ಲ. ಊರನ್ನೂ ಮನೆಯನ್ನೂ ಬಿಟ್ಟುಬಂದ ಹುಡುಗ ಹುಡುಗಿಯರಿಗೆ ಸ್ನೇಹವೇ ಎರಡನೆಯ ಮನೆ. ಹೊಸಬರ ಸ್ವಾಗತ, ಹುಟ್ಟುಹಬ್ಬ, ಪರೀಕ್ಷೆ ಮುಗಿದ ಸಂಜೆ, ಕಡೆಯ ವರ್ಷದ ಬೀಳ್ಕೊಡುಗೆ, ಇವುಗಳಲ್ಲಿ ಹಾಡಿ ಕುಣಿದು ಒಟ್ಟಿಗೆ ಉಂಡವರು ಮುಂದೆ ಬಾಳಿನುದ್ದಕ್ಕೂ ಒಬ್ಬರಿಗೊಬ್ಬರು ಆಗುತ್ತಾರೆ. ಇದನ್ನು ಸ್ವೇಚ್ಛಾಚಾರವೆಂದು ಕರೆಯುವುದು ಯೌವನಕ್ಕೆ ಮಾಡುವ ಅನ್ಯಾಯ.

ನಮ್ಮ ಸಂಸ್ಕೃತಿಯಲ್ಲಿ ಮದ್ಯವೇ ಇರಲಿಲ್ಲವೆಂದು ಹೇಳುವುದೂ ಸತ್ಯಕ್ಕೆ ದೂರ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮದಾತ್ಯಯಕ್ಕೆಂದೇ, ಎಂದರೆ ಅತಿಯಾದ ಕುಡಿತದಿಂದ ಬರುವ ರೋಗಕ್ಕೆಂದೇ, ಒಂದು ಅಧ್ಯಾಯವಿದ್ದು, ಅದರಲ್ಲಿ ಮದ್ಯದ ಗುಣ, ದೋಷ, ಅಮಲಿನ ಅವಸ್ಥೆಗಳೆಲ್ಲವೂ ವಿಚಾರಿತವಾಗಿವೆ. ಮಹಾಭಾರತದ ಆದಿಪರ್ವದ ಕಚನ ಕಥೆಯನ್ನು ನೆನೆಯಿರಿ: ಅಸುರರು ಶಿಷ್ಯನನ್ನು ಕೊಂದು ಸುಟ್ಟು, ಬೂದಿಯನ್ನು ಸುರೆಯಲ್ಲಿ ಬೆರೆಸಿ, ಗುರುವಾದ ಶುಕ್ರಾಚಾರ್ಯರಿಗೇ ಕುಡಿಸಿದರು. ಅಂತಹ ಮಹಾಜ್ಞಾನಿಗೂ ಅಮಲಿನಲ್ಲಿ ತಾನು ನುಂಗುತ್ತಿರುವುದು ತನ್ನ ವಿದ್ಯಾರ್ಥಿಯನ್ನು ಎಂಬುದು ತಿಳಿಯಲಿಲ್ಲ. ಎಚ್ಚರವಾದಮೇಲೆ ಅವರು ವಿಧಿಸಿದ ಸುರಾಪಾನನಿಷೇಧವು ಪರೋಪದೇಶವಲ್ಲ, ಸ್ವಾನುಭವದ ಫಲ. ಇತ್ತ ನಮ್ಮ ಕಾಲಕ್ಕೆ ಸಮೀಪದಲ್ಲಿ, ಕುಡುಕನೊಬ್ಬನ ಬಾಯಿಂದ ‘ರತ್ನನ ಪದಗಳು’ ಹಾಡಿಸಿದ ಜಿ. ಪಿ. ರಾಜರತ್ನಂ ಅವರು ಸ್ವತಃ ಕುಡಿಯದ ಕನ್ನಡ ಅಧ್ಯಾಪಕರು. ಆ ಪದಗಳನ್ನು ಪಾರ್ಟಿಗಳಲ್ಲಿ ಹಾಡುವ ತರುಣರು, ಅಂತಹ ಉಲ್ಲಾಸವನ್ನು ಸೃಜಿಸಲು ಕವಿಗೆ ಹೆಂಡದ ಹಂಗು ಬೇಕಾಗಲಿಲ್ಲವೆಂಬುದನ್ನು ಗಮನಿಸಬೇಕು.

ಈಗ ಬಾಟಲಿಯನ್ನೇ ಸಮೀಪದಿಂದ ನೋಡೋಣ. ‘ವಿಸ್ಕಿ ಬೇಡ ಮಗಾ, ಬರೀ ಬಿಯರ್’ ಎಂಬ ಸಮಾಧಾನದ ಮಾತು ಹಾಸ್ಟೆಲಿನ ಎಲ್ಲ ಮಹಡಿಗಳಲ್ಲಿಯೂ ಕೇಳಿಬರುತ್ತದೆ. ನಮ್ಮಲ್ಲಿ ಮಾರಾಟವಾಗುವ ವಿಸ್ಕಿಯಲ್ಲಿ ಸಾಮಾನ್ಯವಾಗಿ ಮದ್ಯಸಾರವು ಶೇ. 42.8, 30 ಮಿಲಿಲೀಟರಿನ ಒಂದು ಸಣ್ಣ ಪೆಗ್ಗಿನಲ್ಲಿ ಸುಮಾರು 10 ಗ್ರಾಂ. ಸ್ಟ್ರಾಂಗ್ ಬಿಯರಿನಲ್ಲಿ ಅದು ಶೇ. 8ರವರೆಗೆ ಇರುವುದರಿಂದ, 650 ಮಿಲಿಲೀಟರಿನ ಒಂದೇ ಬಾಟಲಿಯಲ್ಲಿ ಸುಮಾರು 40 ಗ್ರಾಂ, ಎಂದರೆ ನಾಲ್ಕು ಪೆಗ್ಗು, ಅಡಗಿರುತ್ತದೆ. ಆರೋಗ್ಯವಂತನ ಯಕೃತ್ತು ಗಂಟೆಗೆ ಸುಮಾರು ಎಂಟು ಹತ್ತು ಗ್ರಾಂಗಳನ್ನು ಮಾತ್ರ ಅರಗಿಸಬಲ್ಲುದು. ಕಾಫಿಯಾಗಲಿ ತಣ್ಣೀರಿನ ಸ್ನಾನವಾಗಲಿ ಮಜ್ಜಿಗೆಯಾಗಲಿ ಈ ಗತಿಯನ್ನು ತ್ವರೆಗೊಳಿಸಲಾರವು. ಆದಕಾರಣ ನಡುರಾತ್ರಿ ಎರಡು ಬಾಟಲಿ ಮುಗಿಸಿ, ನಸುಕಿನಲ್ಲಿ ಎದ್ದು, ನಿದ್ದೆ ಮಾಡಿದೆನಲ್ಲ ಎಂಬ ಧೈರ್ಯದಿಂದ ಬೈಕ್ ಹತ್ತುವವನ ರಕ್ತದಲ್ಲಿ ಮೋಟಾರು ವಾಹನ ಕಾಯಿದೆಯ ಮಿತಿಯಾದ 100 ಮಿಲಿಲೀಟರಿಗೆ 30 ಮಿಲಿಗ್ರಾಂ ಎಂಬುದನ್ನು ಮೀರಿದ ಮದ್ಯಸಾರವಿನ್ನೂ ಉಳಿದಿರುವುದು ಸಂಭಾವ್ಯ. ಮುಂದಾಲೋಚನೆಗೂ ಸಂಯಮಕ್ಕೂ ಆಶ್ರಯವಾದ ಮಿದುಳಿನ ಮುಂಭಾಗವು ಇಪ್ಪತ್ತೈದರ ಸುಮಾರಿನವರೆಗೂ ಬೆಳೆಯುತ್ತಿರುತ್ತದೆ. ಮದ್ಯವು ಮೊಟ್ಟಮೊದಲು ಮಂಕಾಗಿಸುವುದೂ ಆ ಶಕ್ತಿಗಳನ್ನೇ. ಮದ್ಯದಲ್ಲಿ ಆರೋಗ್ಯಕ್ಕೆ ನಿರಪಾಯವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸ್ಪಷ್ಟಪಡಿಸಿದೆ.

ಇಷ್ಟೆಲ್ಲವನ್ನು ತಿಳಿದೂ ಹುಡುಗರು ಕುಡಿಯುತ್ತಾರೆ. ಮೊದಲ ಗುಟುಕಿನ ಕಹಿ ಯಾರಿಗೂ ಪ್ರಿಯವಲ್ಲ. ಆದರೂ ಅದನ್ನು ನುಂಗಿಸುವುದು ಏಕಾಕಿಯಾದೇನೆಂಬ ಭೀತಿ. ಹಳ್ಳಿಯಿಂದ ಬಂದು ಇಂಗ್ಲಿಷಿಗೆ ಹೆದರುತ್ತಿರುವ, ಕೋಣೆಯ ಸಂಗಾತಿಗಳ ಪರಿಹಾಸಕ್ಕೆ ಕುಗ್ಗಿರುವ ಹುಡುಗನ ಮುಂದೆ ಸೀನಿಯರೊಬ್ಬನು ಲೋಟವನ್ನು ಚಾಚಿ ‘ತಗೋ, ನೀನೂ ನಮ್ಮವನೇ’ ಎಂದಾಗ, ಆ ಲೋಟದಲ್ಲಿ ಅವನಿಗೆ ಕಾಣುವುದು ಮದ್ಯವಲ್ಲ, ಪ್ರವೇಶಪತ್ರ. ಅಲ್ಲಿ ಆಯ್ಕೆಯ ಸ್ವಾತಂತ್ರ್ಯವಿದೆಯೆಂದು ಹೇಳುವವರು ಆ ಕ್ಷಣದ ಭಾರವನ್ನು ಅರಿಯರು. ತನ್ನ ಇಚ್ಛೆಯಿಂದ ಕುಡಿಯುತ್ತೇನೆನ್ನುವ ವಿದ್ಯಾರ್ಥಿಯು, ಕುಡಿಯದೆಯೂ ಇದೇ ಗೆಳೆಯರ ನಡುವೆ ಇದೇ ಗೌರವದಿಂದ ಕುಳಿತಿರಬಲ್ಲೆನೆ ಎಂದು ತನ್ನನ್ನು ತಾನೇ ಕೇಳಿಕೊಳ್ಳಲಿ. ಆಗದೆಂಬುದು ಉತ್ತರವಾದರೆ ಅವನ ಇಚ್ಛೆ ಅವನದಲ್ಲ.

ಇನ್ನು ಕಾನೂನಿನ ಮಾತು. ಕರ್ನಾಟಕದ 1965ರ ಅಬಕಾರಿ ಕಾಯಿದೆಯಲ್ಲಿ 18 ಎಂದೂ 1967ರ ಪರವಾನಗಿ ನಿಯಮಗಳಲ್ಲಿ 21 ಎಂದೂ ವಯೋಮಿತಿಯಿದ್ದು, ಈ ಭೇದವನ್ನು ನಿವಾರಿಸುವುದಕ್ಕೆಂದು ನಿಯಮದ ವಯಸ್ಸನ್ನು 18ಕ್ಕೆ ಇಳಿಸುವ ಕರಡನ್ನು ಸರ್ಕಾರವು 2023ರ ಜನವರಿಯಲ್ಲಿ ಪ್ರಕಟಿಸಿ, ಸಾರ್ವಜನಿಕರ ಆಕ್ಷೇಪಣೆಗಳು ಬಂದಮೇಲೆ ಹಿಂತೆಗೆದುಕೊಂಡಿತು. ಹಿಂತೆಗೆದುಕೊಂಡದ್ದು ಒಳಿತಾಯಿತು. ಅಮೆರಿಕದ ಹಲವು ಸಂಸ್ಥಾನಗಳು 1970ರ ದಶಕದ ಆರಂಭದಲ್ಲಿ ವಯೋಮಿತಿಯನ್ನು ಇಳಿಸಿ, ರಸ್ತೆಗಳಲ್ಲಿ ತರುಣರ ಶವಗಳನ್ನು ಎಣಿಸಿ, 1984ರ ರಾಷ್ಟ್ರೀಯ ಕಾಯಿದೆಯ ಒತ್ತಡದಿಂದ ಮರಳಿ 21ಕ್ಕೆ ಬಂದುವು. ಆದರೆ 2008ರಲ್ಲಿ ಅಲ್ಲಿಯ ನೂರಕ್ಕೂ ಮಿಕ್ಕ ಕಾಲೇಜುಗಳ ಅಧ್ಯಕ್ಷರು, ಈ ನಿಷೇಧವು ಕುಡಿತವನ್ನು ಮುಚ್ಚಿದ ಕೋಣೆಗಳಿಗೆ ತಳ್ಳಿದೆಯೆಂದೂ ಅದನ್ನು ಪುನರ್ವಿಮರ್ಶಿಸಬೇಕೆಂದೂ ಬಹಿರಂಗವಾಗಿ ಕೇಳಿಕೊಂಡರು. ಅವರ ನಿದಾನ ದಿಟ, ಔಷಧ ಸರಿಯಲ್ಲ. ವಯಸ್ಸನ್ನು ಇಳಿಸದೆಯೇ ಆ ಕೋಣೆಯ ಬಾಗಿಲನ್ನು ತೆರೆಯಿಸುವ ಉಪಾಯ ನಮಗೆ ಬೇಕಾಗಿದೆ.

ಏಕೆಂದರೆ ಮರಣವು ಸಂಭವಿಸುವುದು ಆ ಬಾಗಿಲ ಹಿಂದೆ. ಕುಡಿದು ಪ್ರಜ್ಞೆತಪ್ಪಿದ ಗೆಳೆಯನನ್ನು ಮಂಚದ ಮೇಲೆ ಅಂಗಾತ ಮಲಗಿಸಿ, ಬೆಳಗ್ಗೆ ಸರಿಹೋಗುತ್ತಾನೆಂದು ದೀಪವಾರಿಸುತ್ತಾರೆ. ಹೊಟ್ಟೆಯಲ್ಲಿ ಉಳಿದ ಮದ್ಯವು ಅವನು ಮಲಗಿದಮೇಲೆಯೂ ರಕ್ತಕ್ಕೆ ಇಳಿಯುತ್ತಲೇ ಇರುತ್ತದೆ. ಗಂಟಲಿನ ಸ್ವಾಭಾವಿಕ ರಕ್ಷಣೆಯು ಮರಗಟ್ಟಿರುವುದರಿಂದ ವಾಂತಿಯು ಶ್ವಾಸನಾಳವನ್ನು ಹೊಗುತ್ತದೆ. ಅವನನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಒಂಟಿಯಾಗಿ ಬಿಡಕೂಡದು, ಕೂಗಿದರೂ ಚಿವುಟಿದರೂ ಏಳದಿದ್ದರೆ, ಉಸಿರು ನಿಧಾನವಾದರೆ, ಮೈ ತಣ್ಣಗಾಗಿ ತುಟಿ ನೀಲಿಗಟ್ಟಿದರೆ ಕೂಡಲೆ 108ಕ್ಕೆ ಕರೆಮಾಡಬೇಕು. ಇದು ತಿಳಿಯದ ಹುಡುಗರುಂಟು. ತಿಳಿದೂ, ವಾರ್ಡನ್ನರಿಗೆ ಗೊತ್ತಾದರೆ ಹಾಸ್ಟೆಲಿನಿಂದ ಹೊರಹಾಕುತ್ತಾರೆ, ಮನೆಗೆ ಪತ್ರ ಹೋಗುತ್ತದೆ ಎಂದು ಫೋನನ್ನು ಕೈಯಲ್ಲಿ ಹಿಡಿದೂ ಕರೆಮಾಡದವರು ಇನ್ನೂ ಹೆಚ್ಚು. ನಮ್ಮ ಶಿಸ್ತಿನ ಕ್ರಮವು ಇಬ್ಬರು ಗೆಳೆಯರ ನಡುವಿನ ಆ ಕರೆಗೆ ಅಡ್ಡಬಂದರೆ, ಆ ಶಿಸ್ತಿನ ಪಾಪದಲ್ಲಿ ನಮಗೂ ಪಾಲುಂಟು.

ವಿದ್ಯಾರ್ಥಿಮಿತ್ರರೆ, ಓದಿನ ಈ ನಾಲ್ಕಾರು ವರ್ಷ ಕುಡಿಯಬೇಡಿರೆಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಪಾರ್ಟಿಗಳನ್ನು ಮಾತ್ರ ಧಾರಾಳವಾಗಿ ಮಾಡಿರಿ, ಸಭಾಂಗಣವನ್ನು ಕೇಳಿ ಪಡೆಯಿರಿ, ಬೇಡವೆಂದವನನ್ನು ಎರಡನೆಯ ಸಲ ಕೇಳಬೇಡಿರಿ. ಅಧ್ಯಾಪಕರಲ್ಲಿ ನನ್ನ ಬಿನ್ನಹ ಬೇರೆ. ಕಾರ್ನೆಲ್ ವಿಶ್ವವಿದ್ಯಾನಿಲಯವು 2002ರಲ್ಲಿ ಒಂದು ಕ್ರಮವನ್ನು ಜಾರಿಗೆ ತಂದಿತು: ಮದ್ಯದಿಂದ ಅಪಾಯಕ್ಕೊಳಗಾದವನಿಗಾಗಿ ಸಹಾಯ ಕೋರಿದವರನ್ನೂ, ಆ ಅಪಾಯಕ್ಕೊಳಗಾದವನನ್ನೂ, ಆ ರಾತ್ರಿಯ ಕುಡಿತಕ್ಕಾಗಿ ಶಿಕ್ಷಿಸದಿರುವುದು. ಇಂಥದೊಂದು ನಿಯಮವನ್ನು ಈ ವರ್ಷದ ಹಾಸ್ಟೆಲ್ ಕೈಪಿಡಿಯಲ್ಲಿಯೇ ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಅಚ್ಚುಹಾಕಿಸಿ, ಅದರ ಕೆಳಗೆ 108ನ್ನೂ, ಮನೋವ್ಯಥೆಯ ಮಾತುಗಳನ್ನು ಆಲಿಸುವ ಟೆಲಿ ಮಾನಸ್‌ನ 14416ನ್ನೂ ಬರೆಯಿಸಿರಿ. ಕುಡಿತವು ಅಭ್ಯಾಸಕ್ಕೆ ತಿರುಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಮೀಸಲಾದ ಕೇಂದ್ರವಿದೆ. ಅಲ್ಲಿಗೆ ಹೋಗುವ ವಿದ್ಯಾರ್ಥಿಗೆ ಹಾಜರಿಯನ್ನು ಕೊಡಿರಿ, ಪರೀಕ್ಷೆಗೆ ಕುಳಿತುಕೊಳ್ಳಲು ಅನುಮತಿ ಕೊಡಿರಿ, ಅವನ ಕೋಣೆಯನ್ನು ಬೇರೊಬ್ಬರಿಗೆ ಹಂಚದೆ ಅವನು ಮರಳುವವರೆಗೆ ಅವನ ಹೆಸರಿನಲ್ಲಿಯೇ ಇರಿಸಿರಿ.