ಪಂಕ್ತಿಯಲ್ಲೊಂದು ಜಾಗ

ಕೆ.ಆರ್. ನಗರದ ಕಡೆ, ಕಾವೇರಿ ದಂಡೆಯಲ್ಲಿ ಕಪ್ಪಡಿ ಕ್ಷೇತ್ರವಿದೆ. ಮಂಟೇಸ್ವಾಮಿ ಪರಂಪರೆಯ ರಾಚಪ್ಪಾಜಿಯವರ ನೆಲೆ. ಶಿವರಾತ್ರಿಗೆ ಅಲ್ಲಿ ಜಾತ್ರೆ ಕೂಡುತ್ತದೆ. ಇದೇ ಪರಂಪರೆಯ ಇನ್ನೊಂದು ನೆಲೆ, ಸಿದ್ದಪ್ಪಾಜಿಯ ಚಿಕ್ಕಲ್ಲೂರು. ಬನದ ಹುಣ್ಣಿಮೆಗೆ ಶುರುವಾಗುವ ಅಲ್ಲಿಯ 5 ದಿನಗಳ ಜಾತ್ರೆಯಲ್ಲಿ ಪಂಕ್ತಿಸೇವೆ ನಡೆಯುತ್ತದೆ. ಬಯಲೇ ಅಡುಗೆಮನೆ, ಒಕ್ಕಲುಗಳು ತಾವೇ ಒಲೆ ಹೂಡಿ, ಬೇಯಿಸಿ, ಜಾತಿ ಕೇಳದೆ ಸಾಲಾಗಿ ಕೂತು ಉಣ್ಣುತ್ತಾರೆ. ಬಡಿಸುವವರಿಗೆ ಸಂಬಳವಿಲ್ಲ, ಉಂಡವರಿಗೆ ಬಿಲ್ಲಿಲ್ಲ.

ಇಂಥ ಪಂಕ್ತಿಯಲ್ಲಿ ನನ್ನ ಮನಸ್ಸು ನಿಲ್ಲುವುದು ಸಣ್ಣ ಸಣ್ಣ ನಡೆಗಳಲ್ಲಿ. ಅಜ್ಜಿಗೆ ಮುದ್ದೆ ಮುರಿದುಕೊಡುವ ಕೈ, ಅಳುವ ಕೂಸಿಗೆ ಮೊದಲು ಬಡಿಸುವ ಕೈ, ಹೊಸಬರು ಬಂದರೆ “ಬನ್ನಿ, ಕೂತ್ಕಳಿ” ಎಂದು ಒತ್ತಿಕೊಂಡು ಜಾಗ ಬಿಡುವವರು. ಕೇಳಲು ನಾಚುವವರ ಎಲೆಗೆ ಕೇಳದೆಯೇ ಎರಡನೇ ಸಲ ಸಾರು ಬಿಡುವುದಿದೆಯಲ್ಲ, ಅದನ್ನು ನಾನು ದೊಡ್ಡ ದಾನಕ್ಕಿಂತ ಮೇಲೆಂದೇ ಎಣಿಸುತ್ತೇನೆ. ಪಡೆದವರ ತಲೆ ಅಲ್ಲಿ ತಗ್ಗುವುದಿಲ್ಲ.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಬಂಧುಗಳೇ, ನಿಮ್ಮೂರ ಹಬ್ಬದಲ್ಲಿ ಅನ್ನದಾನ ನಡೆದರೆ ಉಂಡು ಎದ್ದುಬಿಡಬೇಡಿ. ಒಂದು ಪಂಕ್ತಿಗಾದರೂ ನೀವೇ ಸೌಟು ಹಿಡಿಯಿರಿ.